ಗಿರಣಿ ಸದ್ದಿನ ಹಾಡುಗಾರ

ಮುಶಿಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಿದ್ದರಾಮೇಶನಿಗೆ ಹಾಡು ಕಲಿಯುವ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಸೋಮವಾರದ ಭಜನೆಯಲ್ಲಿ ಇಷ್ಟು ವರ್ಷ ಅವನ ಕೈಗೆ ಬಂದದ್ದು ತಾಳ ಮಾತ್ರ. ಒಮ್ಮೆಯಾದರೂ ಒಂದು ಪದವನ್ನು ತಾನೇ ಹಾಡಬೇಕೆಂಬ ಆಸೆ. ಬರುವ ಸೋಮವಾರ ಹಾಡುತ್ತೇನೆಂದು ಎಲ್ಲರೆದುರು ಹೇಳಿಯೂ ಬಿಟ್ಟಿದ್ದ. ಬಾಯಿಗೆ ಬೀಗವಿಲ್ಲದಿದ್ದರೆ ಹೀಗೇ.

ಆದರೆ ಕಲಿಯಲು ಪುರುಸೊತ್ತೆಲ್ಲಿ? ನಸುಕಿನಲ್ಲಿ ಕೂರೋಣವೆಂದರೆ ನಿದ್ದೆ ಬಿಡಲಿಲ್ಲ, ಸಂಜೆ ಕೂರೋಣವೆಂದರೆ ಎಮ್ಮೆ ಬಿಡಲಿಲ್ಲ. ಕಡೆಗೆ ತಲೆ ಓಡಿಸಿದ. ದಿನವಿಡೀ ಗಿರಣಿ ತಿರುಗುತ್ತದೆ, ಕೈ ಜೋಳ ಸುರಿಯುತ್ತದೆ, ಬಾಯಿ ಖಾಲಿಯೇ ಇದೆಯಲ್ಲ. ಮೊಬೈಲಿನ ಹಾಡನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡು ಆ ಗದ್ದಲದಲ್ಲೇ ಗಂಟಲು ಬಿಚ್ಚತೊಡಗಿದ. ತನ್ನ ದನಿ ತನಗೇ ಕೇಳುತ್ತಿರಲಿಲ್ಲ. ಕೇಳದ್ದರಿಂದ ಬಲು ಇಂಪಾಗಿಯೂ ಇತ್ತು. ತನ್ನ ಬುದ್ಧಿಗೆ ತಾನೇ ಶಹಬ್ಬಾಸ್ ಎಂದುಕೊಂಡ.

ಶನಿವಾರ ಕಣ್ಣು ಮುಚ್ಚಿ ದನಿ ಏರಿಸಿದ ಹೊತ್ತಿಗೇ ಕರೆಂಟ್ ಹೋಯಿತು. ಗಿರಣಿ ನಿಂತಿತು, ಸಿದ್ದರಾಮೇಶ ನಿಲ್ಲಲಿಲ್ಲ. ತನ್ನ ಹಾಡನ್ನು ಅವನು ಮೊದಲ ಸಲ ಕೇಳಿದ್ದು ಆಗಲೇ. ಎಮ್ಮೆಗೂ ಕರುಣೆ ಬರುವಂತಿತ್ತು. ಕಣ್ಣು ಬಿಟ್ಟರೆ, ಡಬ್ಬಿ ಹಿಡಿದು ಕೂತ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು.

“ಇದು ನಿನ್ನ ದನೀನಾ?” ಮುದುಕಿ ಕಳಕವ್ವ ಕೇಳಿದಳು. “ಗಿರಣಿ ಬೆಲ್ಟ್ ಸವದೈತಿ, ಹೊಸಾದ್ ಹಾಕ್ಸು ಅಂತ ಹೇಳಬೇಕಂತ ಮಾಡಿದ್ನೆಪಾ.”

ಎಲ್ಲರೂ ನಕ್ಕರು. ಅವನೂ ನಕ್ಕ, ಆದರೆ ಮೆತ್ತಿದ ಹಿಟ್ಟಿನ ಕೆಳಗೆ ಮುಖ ಸುಡುತ್ತಿತ್ತು. ನಾಚಿಕೆಗಿಂತ ಹೆಚ್ಚಾಗಿ ದುಃಖವೇ ಆಯಿತು.

“ಪುರುಸೊತ್ತ ಇಲ್ಲಬೇ ಯವ್ವಾ. ಮತ್ಯಾವಾಗ ಕಲೀಲಿ?”

“ಈಗೇನ್ ಮಾಡಾಕತ್ತಿ? ಕರೆಂಟ್ ಬರೂತನಾ ಸುಮ್ನ ಕುಂಡ್ರಾವ ಅಲ್ಲೇನ? ಹಾಡು, ಕೇಳ್ತೀವಿ.”

ಹಾಡಿದ. ಎಲ್ಲಿ ತಪ್ಪಿತೆಂದು ಅವನಿಗೇ ಕೇಳಿಸಿತು. ಮತ್ತೆ ಹಾಡಿದ, ಇನ್ನೊಂದು ತಪ್ಪು ಕೇಳಿಸಿತು. ಹಾಗೇ ಹಾಡುತ್ತ ಹಾಡುತ್ತ ಒಂದು ಸಾಲು, ಒಂದೇ ಸಾಲು, ನೆಟ್ಟಗೆ ಬಂತು. ಅಷ್ಟರಲ್ಲಿ ಬಲ್ಬು ಹತ್ತಿತು.

ಹೆಂಗಸರು ಡಬ್ಬಿ ಎತ್ತಿಕೊಂಡು ಎದ್ದರು. ಸಿದ್ದರಾಮೇಶನ ಕೈ ಗಿರಣಿಯ ಗುಂಡಿಯ ಮೇಲೆ ಹೋಯಿತು. ಒಮ್ಮೆ ಒತ್ತಿದರೆ ಸಾಕು, ಆ ಸದ್ದಿನಲ್ಲಿ ತಾನು ಮತ್ತೆ ಊರಿಗೇ ಒಳ್ಳೆಯ ಹಾಡುಗಾರ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

“ಒಂದೀಟ ತಡೀರಿ,” ಎಂದ. “ಕರೆಂಟ್ ಇನ್ನಾ ಬಂದಿಲ್ಲ.”

ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನೊಮ್ಮೆ ನೋಡಿ, ಕಳಕವ್ವ ಡಬ್ಬಿ ಕೆಳಗಿಟ್ಟು ಮತ್ತೆ ಕೂತಳು.