ಎರಡನೆಯ ನಲವತ್ತು

ಬಾಣಂತಿಗೆಂದು ಒಲೆಯ ಮೇಲಿಟ್ಟಿದ್ದ ಲೇಹ್ಯ ಮತ್ತೆ ಸೀದುಹೋಯಿತು. ಬೆಲ್ಲ ಸುಟ್ಟ ವಾಸನೆ ಮಾಳಿಗೆಯಲ್ಲಿ ಮಲಗಿದ್ದ ಬಾಣಂತಿ ಮಿಝ್ನಾಳಿಗೂ ಬಡಿಯಿತು, ಹೊರಜಗಲಿಯಲ್ಲಿದ್ದ ದೊಡ್ಡಮ್ಮ ರಮ್ಲಾಳಿಗೂ ಬಡಿಯಿತು. ಲೇಹ್ಯ ಇಟ್ಟವಳಿಗೆ ಮಾತ್ರ ಬಡಿಯಲಿಲ್ಲ. ಮಿಝ್ನಾಳ ಉಮ್ಮ ರೈಹಾನತ್ ನೀರಿಗೆಂದು ಬಾವಿಕಟ್ಟೆಗೆ ಹೋದವಳು, ಅಲ್ಲಿನ ಕರಿಬೇವಿನ ಗಿಡಕ್ಕೆ ಹುಳ ಬಿದ್ದಿದ್ದು ಕಂಡು, ಒಂದೊಂದೇ ಎಲೆ ಮಗುಚಿ ನೋಡುತ್ತ ನಿಂತುಬಿಟ್ಟಿದ್ದಳು. ಕೊಡ ಬಾವಿಯ ಹತ್ತಿರವೇ ಇತ್ತು, ಖಾಲಿ.

ಅಕ್ಕ ರಮ್ಲಾ ಬಂದು ನಿಂತಾಗ ರೈಹಾನತ್ ಬೈಗುಳಕ್ಕೆ ತಲೆ ಬಗ್ಗಿಸಿದಳು. ಬೈಗುಳ ಬರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ರಮ್ಲಾ ಸುಮ್ಮನೆ ಕೈ ಚಾಚಿದಳು. ರೈಹಾನತ್ ಸೊಂಟದಿಂದ ಉಗ್ರಾಣದ ಬೀಗದ ಕೈ ಬಿಚ್ಚಿ ಆ ಅಂಗೈಯ ಮೇಲಿಟ್ಟಳು.

"ಮಗೂನೂ ಒಬ್ಬಳೇ ಎತ್ಕೊಂಡು ಕೂರ್ಬೇಡ ರೈಹಾ" ಅಂದಳು ರಮ್ಲಾ, ಬೇರೆಲ್ಲೋ ನೋಡುತ್ತ. "ಯಾರಾದ್ರೂ ಜೊತೆಗಿರ್ಲಿ."

ಬೀಗದ ಕೈ ಹೋದದ್ದು ಅಷ್ಟು ನೋಯಲಿಲ್ಲ. ಈ ಮಾತು ಎದೆಗೆ ನಾಟಿತು. ಮೊಮ್ಮಗಳು ಹುಟ್ಟಿ ಇನ್ನೂ ತಿಂಗಳಾಗಿತ್ತಷ್ಟೆ.

ತಲಶ್ಶೇರಿಯ ಆ ಮನೆಯಲ್ಲಿ ಹೆಣ್ಣುಮಕ್ಕಳು ಹುಟ್ಟಿದ ಮನೆ ಬಿಟ್ಟು ಹೋಗುವವರಲ್ಲ. ಅಳಿಯಂದಿರು ಸಂಜೆ ಬರುತ್ತಾರೆ, ಬೆಳಗಿನ ತಿಂಡಿ ಮುಗಿಸಿ ಅಂಗಡಿಗೆ ಹೋಗುತ್ತಾರೆ. ಹಾಗಾಗಿ ಒಬ್ಬಳ ಗುಣ ಇನ್ನೊಬ್ಬಳಿಂದ ಮುಚ್ಚಿಡುವ ಮಾತೇ ಇಲ್ಲ. ರೈಹಾನತ್‌ಗೆ ಎಳವೆಯಲ್ಲೇ ಗಾಳಿ ಎಂದು ಹೆಸರು ಬಿದ್ದಿತ್ತು. ಅವಳ ನಿಖಾಹ್ ದಿನ ಒಂದು ಓಲೆ ಕಾಣೆಯಾಗಿ, ಮನೆಯ ಹೆಂಗಸರೆಲ್ಲ ಮಂಚದಡಿ ತೆವಳಿ ಹುಡುಕಿ, ಕೊನೆಗೆ ಅದು ಮದುಮಗಳ ಮುಷ್ಟಿಯಲ್ಲೇ ಸಿಕ್ಕಿದ ಕತೆಯನ್ನು ಇವತ್ತಿಗೂ ಪ್ರತಿ ಮದುವೆಯಲ್ಲಿ ಹೇಳಿ ನಗುತ್ತಾರೆ. ಅವಳೂ ನಗುತ್ತಾಳೆ, ಎಲ್ಲರಿಗಿಂತ ಮೊದಲು. ಅಷ್ಟೆಲ್ಲ ನಕ್ಕವರೇ ಮನೆಗೆ ಹೊಸ ಅಳಿಯ ಬಂದರೆ ಅವಳ ಕಾಲು ಹಿಡಿಯಬೇಕು. ಮೊಟ್ಟೆಯ ಹಳದಿಯನ್ನು ತೂತಿನ ಚಿಪ್ಪಿನಿಂದ ಕುದಿಯುವ ಪಾಕಕ್ಕೆ ಎಳೆಎಳೆಯಾಗಿ ಬಿಟ್ಟು ಮುಟ್ಟಮಾಲ ಎನ್ನುವ ಸಿಹಿ ಮಾಡುವ ಕೈ ಆ ಬೀದಿಯಲ್ಲೇ ಇನ್ನೊಂದಿಲ್ಲ. ಅದಕ್ಕೆ ಕೂತರೆ ಗಾಳಿಯೂ ಕಲ್ಲಾಗುತ್ತಿತ್ತು. ಪಕ್ಕದ ಒಲೆಯ ಅನ್ನ ಹತ್ತಿ ಉರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಆದರೆ ಈ ಎರಡು ವರ್ಷದ ಮರೆವು ಆ ಹಳೆಯ ಮರೆವಿನಂತಿರಲಿಲ್ಲ. ಮುಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರಾತ್ರಿ ಮೈಯೆಲ್ಲ ಬೆಂಕಿ, ನಿದ್ದೆ ದೂರ. ಹೇಳಹೊರಟ ಮಾತು ನಾಲಗೆಯ ತುದಿಯಲ್ಲೇ ಕರಗಿಹೋಗುತ್ತಿತ್ತು. ಅಕ್ಕತಂಗಿಯರ ಉಮ್ಮ ಕೊನೆಗಾಲದಲ್ಲಿ ಎಲ್ಲ ಮರೆತು, ಸ್ವಂತ ಮಗಳು ರಮ್ಲಾಳನ್ನೇ ನೀವು ಯಾರ ಮನೆಯವರು ಎಂದು ಕೇಳಿದ್ದನ್ನು ರೈಹಾನತ್ ಕಣ್ಣಾರೆ ಕಂಡಿದ್ದಳು. ಈಗ ನಮಾಝ್ ಮುಗಿಸಿ ಕೂತಲ್ಲೇ ಅವಳು ಬಂಧುಬಳಗದ ಹೆಸರುಗಳನ್ನು ಒಂದೊಂದಾಗಿ ನೆನೆಸುತ್ತಿದ್ದಳು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗುವನ್ನು ಅವಳ ಮಡಿಲಿಗೆ ಯಾರು ಕೊಟ್ಟಾರು?

ಆ ವಾರವೇ ಮಿಝ್ನಾಳನ್ನು ಡಾಕ್ಟರ್ ವತ್ಸಲಾ ಬರಹೇಳಿದ್ದರು. ಗಮನ ಒಂದು ಕಡೆ ನಿಲ್ಲದ, ಎಡಿಎಚ್‌ಡಿ ಎನ್ನುವ ತೊಂದರೆ ಮಿಝ್ನಾಳಿಗಿದೆ ಎಂದು ಗೊತ್ತಾಗಿದ್ದು ಅವಳು ಕೋಝಿಕ್ಕೋಡಿನ ಕಾಲೇಜಿನಲ್ಲಿದ್ದಾಗ. ರಮ್ಲಾ ಆಗ, ಸೋಮಾರಿತನಕ್ಕೂ ಇಂಗ್ಲಿಷ್ ಹೆಸರು ಬಂತಲ್ಲ ಎಂದು ಮೂಗು ಮುರಿದಿದ್ದಳು. ಮಾತ್ರೆಯಿಂದ ಹುಡುಗಿ ಪಾಸಾದಳು, ಕೆಲಸ ಹಿಡಿದಳು. ಬಸುರಿಯಾದಾಗ ಡಾಕ್ಟರ ಮಾತಿನಂತೆ ಮಾತ್ರೆ ನಿಂತಿತ್ತು. ಮುಂದೇನು ಎಂದು ಕೇಳಲು ಈಗ ಹೊರಟಿದ್ದಳು, ಮಗು ಹಿಡಿದುಕೊಳ್ಳಲು ಉಮ್ಮನನ್ನು ಕರೆದುಕೊಂಡು. ಮೂತ್ತುಮ್ಮ ರಮ್ಲಾಳ ಅಪ್ಪಣೆ ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವಳಂತೆ ಮಗುವನ್ನು ಉಮ್ಮನ ಕೈಗಿತ್ತಳು.

ವತ್ಸಲಾ ಮನಸ್ಸಿನ ಡಾಕ್ಟರು, ಆದರೆ ಹೆರಿಗೆ ಡಾಕ್ಟರನ್ನು ಪಕ್ಕದಲ್ಲೇ ಕೂರಿಸಿಕೊಂಡು ನೋಡುವವರು. ಹೆಣ್ಣಿನ ತಲೆಯನ್ನು ಒಬ್ಬರು, ಹೊಟ್ಟೆಯನ್ನು ಒಬ್ಬರು ನೋಡಿದರೆ ನಡುವಿನ ಹೆಂಗಸನ್ನು ಯಾರೂ ನೋಡಿದಂತಾಗುವುದಿಲ್ಲ ಎನ್ನುವುದು ಅವರ ವಾದ. ಅಂಥವರು ಊರಿಗೊಬ್ಬರಾದರೂ ಇರಬೇಕು. ಮಿಝ್ನಾಳ ಹಾಲು, ನಿದ್ದೆ, ಅಳು, ಗಂಡ, ಮಗು ಅತ್ತಾಗ ಏಳುವವರು ಯಾರು, ಎಲ್ಲ ಕೇಳಿದರು. ಸಣ್ಣವಳಿದ್ದಾಗ ಹೇಗಿದ್ದಳು ಎಂದು ಉಮ್ಮನ ಕಡೆ ತಿರುಗಿದರು.

ರೈಹಾನತ್ ಮಗಳ ಕತೆ ಶುರು ಮಾಡಿದಳು. ಮರೆತ ಊಟದ ಡಬ್ಬಿ, ಅರ್ಧಕ್ಕೆ ನಿಂತ ಹೊಲಿಗೆ, ಟೀಚರು ಬಾಗಿಲ ಹೊರಗೆ ನಿಲ್ಲಿಸಿದ್ದು, ಕೈಯಲ್ಲೇ ಇದ್ದ ಓಲೆ. ಮಿಝ್ನಾ ಮೆಲ್ಲಗೆ, "ಉಮ್ಮಾ, ಓಲೆ ನಿಂದು, ನಂದಲ್ಲ" ಅಂದಳು.

ಡಾಕ್ಟರು ನಗಲಿಲ್ಲ. ಅವರ ಕಣ್ಣು ರೈಹಾನತ್‌ಳ ಕಾಲಿನ ಮೇಲೆ ಹೋಯಿತು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ರಮ್ಲಾಳದು. "ನಿಮ್ಗೆ ಹೇಗಿದೆ?" ಎಂದು ಕೇಳಿದರು, ಅಷ್ಟೆ. ಯಾರೂ ಅವಳನ್ನು ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ. ರೈಹಾನತ್ ಮಗುವನ್ನು ಮಗಳ ಕೈಗೆ ದಾಟಿಸಿದಳು.

"ನನ್ನ ತಲೆ ಹೋಗ್ತಾ ಉಂಟು ಡಾಕ್ಟ್ರೇ. ನನ್ನ ಉಮ್ಮನ ಹಾಗೇ. ಮನೇಲಿ ಹೇಳ್ಬೇಡಿ."

ಇಲ್ಲ ಎಂದು ಬಾಯಿಮಾತಿಗೆ ಸಮಾಧಾನ ಹೇಳುವ ಹೆಂಗಸಲ್ಲ ವತ್ಸಲಾ. ರಕ್ತ ಪರೀಕ್ಷೆ ಬರೆದರು, ಥೈರಾಯ್ಡ್ ನೋಡಿಸಿದರು, ನೆನಪಿನ ಪರೀಕ್ಷೆಗೆ ಕೂರಿಸಿದರು, ಹೆರಿಗೆ ಡಾಕ್ಟರಿಂದ ಮುಟ್ಟಿನ ವಿಚಾರ ಕೇಳಿಸಿದರು. ಚಿಕ್ಕಂದಿನಿಂದ ಕಂಡವರು ಯಾರಿದ್ದಾರೆ, ಅವರನ್ನೂ ಕರೆದುಕೊಂಡು ಬನ್ನಿ ಎಂದರು. ಹಾಗಾಗಿ ಮುಂದಿನ ಸಲ ರಮ್ಲಾಳೂ ಬಂದಳು, ಮುಖ ಗಂಟಿಕ್ಕಿಕೊಂಡು. ಡಾಕ್ಟರು ಕೇಳಿದ್ದಕ್ಕೆಲ್ಲ, ಇವಳು ಹುಟ್ಟಿದ್ದೇ ಹಾಗೆ ಎಂದು ದೂರು ಹೇಳುವ ಧಾಟಿಯಲ್ಲೇ ಉತ್ತರ ಕೊಟ್ಟಳು. ಆ ದೂರೇ ಡಾಕ್ಟರಿಗೆ ಬೇಕಿದ್ದ ಸಾಕ್ಷಿಯಾಗಿತ್ತು.

ಉಮ್ಮನ ಕಾಯಿಲೆಯ ಗುರುತು ಇವಳಲ್ಲಿಲ್ಲ ಎಂದರು ವತ್ಸಲಾ. ಇರುವುದು ಮಗಳಿಗಿರುವುದೇ. ಹುಟ್ಟಿನಿಂದ ಇದೆ. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯೊಳಗಿನ ಏರುಪೇರಿಗೆ ಅದು ಜೋರಾಗಿದೆ, ನಿದ್ದೆಗೇಡು ಅದಕ್ಕೆ ತುಪ್ಪ ಸುರಿದಿದೆ. ಹುಡುಗಿಯಾಗಿದ್ದಾಗ ಒಂದು ರೀತಿ, ಹೆತ್ತಾಗ ಒಂದು ರೀತಿ, ಈ ವಯಸ್ಸಿಗೆ ಇನ್ನೊಂದು ರೀತಿ ಕಾಡುತ್ತದೆ. ಆಯಾ ಕಾಲಕ್ಕೆ ಆರೈಕೆಯೂ ಬೇರೆ.

ರೈಹಾನತ್ ಅತ್ತಳು. ಹೋದ ಜೀವ ಬಂದ ಸಂತೋಷ ಒಂದು ಕಡೆ. ಇನ್ನೊಂದು ಕಡೆ ಸಿಟ್ಟು, ಗಾಳಿ ಗಾಳಿ ಎಂದ ಎಲ್ಲರ ಮೇಲೆ, ಅವರ ಜೊತೆ ಸೇರಿ ನಕ್ಕ ತನ್ನ ಮೇಲೂ. ರಮ್ಲಾ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು.

ಡಾಕ್ಟರು ಮಾತ್ರೆ ಬರೆದರು, ಬೆಳಗಿನ ನಡಿಗೆ ಹೇಳಿದರು. ಒಂದು ಹೊತ್ತಿಗೆ ಒಂದೇ ಒಲೆ ಎಂದರು. ಆಮೇಲೆ ಪೆನ್ನು ಕೆಳಗಿಟ್ಟು, ನಿಮ್ಮ ಮನೆಯಲ್ಲಿ ಬಾಣಂತಿಗೆ ಏನೇನು ಮಾಡುತ್ತೀರಿ ಎಂದು ಮಿಝ್ನಾಳನ್ನು ಕೇಳಿದರು. ಮಿಝ್ನಾ ಉತ್ಸಾಹದಿಂದ ಹೇಳಿದಳು. ನಲವತ್ತು ದಿನ ಎಣ್ಣೆ, ಬಿಸಿನೀರು, ಲೇಹ್ಯ. ಊಟ ಕೈಗೇ ಬರುತ್ತದೆ. ಪಕ್ಕದಲ್ಲಿ ಸದಾ ಒಬ್ಬರು. ಏನನ್ನೂ ಹುಡುಕಿ ತಾ ಎನ್ನುವಂತಿಲ್ಲ. ಬೈಯುವಂತಿಲ್ಲ, ಬೈದರೆ ಹಾಲು ಬತ್ತುತ್ತದಂತೆ.

"ನಾನು ಬರೆಯೋ ಔಷಧಿಗಿಂತ ಇದು ಕಡಿಮೆಯದ್ದಲ್ಲ" ಅಂದರು ವತ್ಸಲಾ. "ನಿಮ್ಮಮ್ಮನಿಗೂ ಒಂದು ನಲವತ್ತು ಮಾಡಿ."

"ಐವತ್ತು ದಾಟಿದವಳಿಗೆ ಬಾಣಂತನವಾ?" ರೈಹಾನತ್ ಕಣ್ಣೊರೆಸಿಕೊಂಡಳು. "ಬೀದಿಯವ್ರು ನಗ್ತಾರೆ."

"ಇಷ್ಟು ವರ್ಷ ಬೈಸ್ಕೊಂಡಿದ್ದೀರಿ. ನಗು ಯಾವ ಲೆಕ್ಕ?"

ಮನೆಗೆ ಬಂದ ಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಮಿಝ್ನಾಳ ನಲವತ್ತನೆಯ ದಿನದ ಸ್ನಾನ ಬಂತು, ನೆಂಟರು ಬಂದರು. ರೈಹಾನತ್‌ಗೆ ಒಂದೇ ಒಲೆ ಬಿಟ್ಟುಕೊಟ್ಟು ಉಳಿದ ಒಲೆಗಳ ಮುಂದೆ ರಮ್ಲಾ ತಾನೇ ನಿಂತಳು. ಮುಟ್ಟಮಾಲದ ಎಳೆ ಒಂದೂ ತುಂಡಾಗಲಿಲ್ಲ. ಅಳಿಯನ ಕಡೆಯವರು ತಟ್ಟೆ ನೋಡಿ ಬೆರಗಾದರು. ಆದರೆ ಮಗುವನ್ನು ಹೊತ್ತು ತಂದು ಬೀಗಿತ್ತಿಯ ಮಡಿಲಿಗೆ ಹಾಕುವ ಹೊತ್ತಿಗೆ, ಅಜ್ಜಿ ಮಾಡಬೇಕಾದ ಆ ಕೆಲಸವನ್ನು ರಮ್ಲಾ ಮಾಡಿದಳು. ರೈಹಾನತ್ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಬೀಗದ ಕೈ ಅಕ್ಕನ ಸೊಂಟದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ರೈಹಾನತ್ ಒಲೆ ಹಚ್ಚಲು ಎದ್ದರೆ ಒಲೆ ಆಗಲೇ ಉರಿಯುತ್ತಿತ್ತು. ಬಾಣಂತಿ ಮೀಯಿಸುವ ತಾಮ್ರದ ಹಂಡೆಯಲ್ಲಿ ಸೊಪ್ಪು ಕುದಿಯುತ್ತಿತ್ತು. ರಮ್ಲಾ ಎಣ್ಣೆಯ ಬಟ್ಟಲು ಹಿಡಿದು ಮಣೆ ತೋರಿಸಿದಳು.

"ಕೂರು."

"ಇತ್ತಾತಾ, ನಂಗ್ಯಾಕೆ ಇದೆಲ್ಲ..." ರೈಹಾನತ್ ಅಕ್ಕನ ಮುಖ ನೋಡಿದಳು.

"ಬಾಣಂತಿಯಾದವ್ಳು ಎದುರು ಮಾತಾಡಲ್ಲ."

ರಮ್ಲಾಳ ಕೈ ಒರಟು. ನೆತ್ತಿ, ಕತ್ತು, ಭುಜ ಎಲ್ಲ ತಿಕ್ಕಿದಳು. ಬೆನ್ನ ಹಿಂದಿನಿಂದ ಅವಳ ದನಿ ಬಂತು. ಗಾಳಿ ಎಂದು ಮೊದಲು ಕರೆದವಳು ತಾನೇ, ಇನ್ನು ಈ ಮನೆಯಲ್ಲಿ ಯಾರಾದರೂ ಹಾಗಂದರೆ ಬಾಯಿಗೆ ಬಿಸಿನೀರು ಸುರಿಯುತ್ತೇನೆ ಎಂದಳು. ಎಣ್ಣೆ ಇಳಿದು ಕಣ್ಣು ಉರಿಯುತ್ತಿದೆ ಎಂದು ಇಬ್ಬರೂ ಮೂಗು ಒರೆಸಿಕೊಂಡರು.

ಮೀಯಿಸಿ, ತಲೆಗೆ ಬಟ್ಟೆ ಸುತ್ತಿ, ತಂಗಿಯನ್ನು ಮಿಝ್ನಾಳ ಮಂಚದ ಪಕ್ಕದಲ್ಲೇ ಇನ್ನೊಂದು ಹಾಸಿಗೆ ಹಾಕಿ ಮಲಗಿಸಿದಳು. ಸೊಂಟದ ಬೀಗದ ಕೈ ಮುಟ್ಟಿ ತೋರಿಸಿ, "ಇದು ನನ್ನ ಹತ್ರಾನೇ ಇರ್ಲಿ. ಬಾಣಂತಿಗೆ ಉಗ್ರಾಣದ ಚಿಂತೆ ಬೇಡ. ನಲವತ್ತು ಕಳೀಲಿ, ವಾಪಸ್ ಕಟ್ತೇನೆ" ಅಂದಳು.

ಅಷ್ಟು ಹೇಳಿ ಬಾಗಿಲವರೆಗೆ ಹೋದಳು. ಅಲ್ಲಿ ನಿಂತು ಏನೋ ಯೋಚಿಸಿ ತಿರುಗಿ ಬಂದು, ತೊಟ್ಟಿಲಿನಿಂದ ಮಗುವನ್ನು ಎತ್ತಿ ತಂಗಿಯ ತೋಳಿನ ಮೇಲೆ ಮಲಗಿಸಿದಳು. ಮಿಝ್ನಾಳನ್ನು, ತಿಂಡಿಗೆ ಕೆಳಗೆ ಬಾ ಎಂದು ಕೈಹಿಡಿದು ಎಬ್ಬಿಸಿದಳು.

"ಇತ್ತಾತಾ" ರೈಹಾನತ್ ಗಾಬರಿಯಿಂದ ಕರೆದಳು. "ನಾನು ಒಬ್ಬಳೇ ಇದ್ದೇನೆ."

"ಗೊತ್ತು" ಅಂದಳು ರಮ್ಲಾ. "ಮಗು ಇಲ್ದೆ ಎಂಥ ಬಾಣಂತನ?"

ಅವಳು ಬಾಗಿಲು ಎಳೆದುಕೊಂಡು, ಮಿಝ್ನಾಳ ಜೊತೆ ಕೆಳಗೆ ಇಳಿದುಹೋದಳು.