ರಿವರ್ಸಿನಲ್ಲಿ ಕೋಟೆಗೆ

ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ಅಕ್ಕ ಪುಷ್ಪಮ್ಮ ಇವತ್ತೋ ನಾಳೆಯೋ ಎನ್ನುವಂತಿದ್ದಾಳೆ ಎಂದು ಫೋನು ಬಂದಾಗ, ಭದ್ರಾವತಿಯ ಓಲ್ಡ್ ಟೌನಿನಲ್ಲಿ ತುಂಗಮ್ಮನಿಗೆ ಕೈಕಾಲೇ ಆಡಲಿಲ್ಲ. ಹಾಳಾದ್ದು, ಅವತ್ತೇ ಬಂದ್ ಬೇರೆ. ಬಸ್ಸಿಲ್ಲ, ಆಟೋ ಇಲ್ಲ, ಮಗ ಊರಲ್ಲಿಲ್ಲ. ಉಳಿದದ್ದು ಸೊಸೆ ಜಗದಾಂಬಾ, ಮತ್ತೆ ಅವಳ ಆ ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರು. ಪೋಲಿಯೋದಿಂದ ಎಡಗಾಲು ಸೋತವಳು ಕಾರು ಓಡಿಸುತ್ತಾಳಂತೆ ಎಂದು ಎಲ್ಲರಿಗಿಂತ ಮೊದಲು ಮೂಗು ಮುರಿದವಳು ತುಂಗಮ್ಮನೇ. ಈಗ ಆ ಕಾರಿನ ಗೇರ್‌ಬಾಕ್ಸೂ ಕೈಕೊಡುತ್ತಿತ್ತು. ಬಿಸಿಯಾದರೆ ಇಂಜಿನ್ನು ಅರಚುತ್ತಿತ್ತೇ ಹೊರತು ಚಕ್ರ ಕದಲುತ್ತಿರಲಿಲ್ಲ.

"ನಿಧಾನಕ್ಕೆ ಹೋಗೋಣ ಅತ್ತೆ, ಮುಟ್ಟಿಸ್ತೀನಿ," ಎಂದಳು ಜಗದಾಂಬಾ.

ಮುಟ್ಟಿಸುವುದೆಂದರೆ ಸುಮ್ಮನೆ ಮಾತೇ? ಏರು ಬಂದಲ್ಲೆಲ್ಲ ಗಬ್ಬದ ಹಸುವನ್ನು ನಡೆಸಿದ ಹಾಗೆ ಕಾರನ್ನು ನಡೆಸಿದಳು. ಇಂಜಿನ್ನು ಅರಚಿದೊಡನೆ ಮರದ ನೆರಳಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಆರುವ ತನಕ ಕಾದಳು. ತುಂಗಮ್ಮ ಗೊಣಗಿದಾಗಲೆಲ್ಲ ನೀರಿನ ಬಾಟಲಿ ಚಾಚಿದಳು. ಮಗನಾಗಿದ್ದರೆ ಇಷ್ಟು ಹೊತ್ತಿಗೆ ಕಾರಿಗೆ ನಾಲ್ಕು ಒದ್ದಿರುತ್ತಿದ್ದ ಎಂದು ತುಂಗಮ್ಮನಿಗೇ ಅನ್ನಿಸಿತು.

ಇನ್ನೇನು ಅಕ್ಕನ ಬೀದಿ ಬಂತು ಎನ್ನುವಾಗ ಮುಂದಕ್ಕೆ ಹೋಗುವ ಗೇರೆಲ್ಲ ಸತ್ತವು. ಕಾರು ಉರುಳುತ್ತ ಬೀದಿಯ ತಿರುವನ್ನು ದಾಟಿ ನಿಂತಿತು. ತುಂಗಮ್ಮನ ಮಂಡಿಗಳಿಗೆ ಅಲ್ಲಿಂದ ನಡೆಯುವ ತ್ರಾಣವಿರಲಿಲ್ಲ. ಜಗದಾಂಬಾ ರಿವರ್ಸ್ ಹಾಕಿ ನೋಡಿದಳು. ಕಾರು ಹಿಂದಕ್ಕೆ ಹೊರಟಿತು.

"ಅತ್ತೆ, ನೀವು ಹಿಂದೆ ನೋಡ್ತಾ ದಾರಿ ಹೇಳಿ. ಹೀಗೇ ಬಾಗಿಲಿಗೆ ಹೋಗೋಣ."

ಹೊರಟ ಮೇಲೆ ಹಿಂದೆ ತಿರುಗಿ ನೋಡಬಾರದೆಂದು ಮನೆಮಂದಿಗೆಲ್ಲ ಪಾಠ ಹೇಳಿದವಳು ತುಂಗಮ್ಮ. ಅಪಶಕುನವಾಗಿ ಅಕ್ಕ ಅಷ್ಟರಲ್ಲೇ ಹೋಗಿಬಿಟ್ಟರೆ? ಮರುಗಳಿಗೆಯೇ ಸೆರಗು ಬಿಗಿದು ಕತ್ತು ಹೊರಳಿಸಿದಳು. ಎಡಕ್ಕೆ ಮೋರಿ ಇದೆ, ಬಲಕ್ಕೆ ಎಮ್ಮೆ ಮಲಗಿದೆ ಎಂದು ಒಂದೊಂದೇ ಹೇಳತೊಡಗಿದಳು. ಬಂದ್‌ನ ಪುಣ್ಯಕ್ಕೆ ಬೀದಿ ಖಾಲಿಯಿತ್ತು. ಜಗಲಿಯವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ, ಎಲ್ಲಿಯೂ ತಾಗಿಸದೆ ಸೊಸೆ ಕಾರನ್ನು ಬಾಗಿಲೆದುರು ತಂದು ನಿಲ್ಲಿಸಿದಳು. ಅಬ್ಬಾ, ಇವಳ ಗಟ್ಟಿತನವೇ ಎಂದುಕೊಂಡಳು ತುಂಗಮ್ಮ.

ಪುಷ್ಪಮ್ಮ ಇನ್ನೂ ಇದ್ದಳು. ತಂಗಿಯ ಕೈ ಹಿಡಿದು, ಮಗ ಕರಕೊಂಡು ಬಂದನೇ ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಸೊಸೆ ಕಣಕ್ಕಾ. ಕಾರು ಪಕ್ಕಕ್ಕೆ ಹಾಕಿ ಬರ್ತಾಳೆ, ಸ್ವಲ್ಪ ತಡ್ಕೋ," ಎಂದಳು ತುಂಗಮ್ಮ. "ಅವಳನ್ನ ನೋಡ್ದೆ ನೀನು ಹೋಗೋ ಹಾಗಿಲ್ಲ."