ಮೊಣಕಾಲಿನ ನೀಲಿ

ನನ್ನ ಇಬ್ಬರು ತಮ್ಮಂದಿರೂ ರಕ್ತ ನಿಲ್ಲದೆ ಸತ್ತರು. ದೊಡ್ಡವನು ಹಾಲುಹಲ್ಲು ಬಿದ್ದಾಗ, ಚಿಕ್ಕವನು ಕಾಲಿಗೆ ಕತ್ತಿ ತಗಲಿದಾಗ. ಅದು ಅಪ್ಪನ ವಂಶದ, ಅಂದರೆ ಬಳಿಯ, ದೋಷವೆಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು. ಮದುವೆಯಾದ ಹೆಣ್ಣು ಗಂಡನ ಬಳಿಗೆ ಸೇರುತ್ತಾಳೆ. ಹಾಗಾಗಿ ಅಕ್ಕ ಗಂಗಮ್ಮನನ್ನು ಕರಿಕೆಯ ದೇರಪ್ಪನಿಗೆ ಧಾರೆಯೆರೆದ ದಿನ ಅವ್ವ, "ಇವಳೊಬ್ಬಳಾದರೂ ಪಾರಾದಳು" ಎಂದು ಅತ್ತಿದ್ದಳು.

ಮಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ನನಗೆ ಬೇರೆಯೇ ತಿಳಿಯಿತು. ಈ ರೋಗಕ್ಕೆ ಬಳಿಯ ಲೆಕ್ಕವಿಲ್ಲ; ಅದು ಬರುವುದು ತಾಯಿಯಿಂದ. ತಾಯಿ ಗಟ್ಟಿಯಾಗಿಯೇ ಇರುತ್ತಾಳೆ, ಮಗ ರಕ್ತ ಸುರಿಸುತ್ತಾನೆ. ಅವ್ವನಿಂದ ಅಕ್ಕನಿಗೆ ಅದು ದಾಟಿರಬಹುದು, ದಾಟದೆಯೂ ಇರಬಹುದು.

೧೯೫೩ರ ಫೆಬ್ರವರಿಯಲ್ಲಿ ಅಕ್ಕನ ಹತ್ತು ತಿಂಗಳ ಮಗನಿಗೆ ಕಿವಿ ಚುಚ್ಚುತ್ತಾರೆಂದು ಕಾಗದ ಬಂತು. ನಾನು ಮಡಿಕೇರಿಯ ಶಾಲೆಗೆ ರಜೆ ಬರೆದು ಹೊರಟೆ. ಭಾಗಮಂಡಲದವರೆಗೆ ಬಸ್ಸು, ಅಲ್ಲಿಂದ ಕಾಡುದಾರಿ. ತಲುಪಿದಾಗ ಆಚಾರಿ ಸೂಜಿ ಹಿಡಿದು ಕೂತಿದ್ದ.

"ಚುಚ್ಚಬೇಡಿ" ಎಂದು ಕೂಗಿದೆ. ನೆರೆದವರ ಮುಂದೆಯೇ ಎಲ್ಲವನ್ನೂ ವಿವರಿಸಿದೆ. ಅಕ್ಕನಲ್ಲಿ ಅದು ಇರುವ ಸಾಧ್ಯತೆ ಅರ್ಧ ಎಂದೂ ಹೇಳಿದೆ. ಹೇಳದಿದ್ದರೆ ಸುಳ್ಳಾಗುತ್ತಿತ್ತು.

ಅಕ್ಕನ ಮಾವ ಬೊಳ್ಳಪ್ಪ ಎಲೆಯಡಿಕೆ ಉಗುಳಿ ಬಂದರು. "ಅಲ್ಲ ಟೀಚರಮ್ಮ, ಅರ್ಧ ಹೇಳ್ರೆ ಹೆಂಗೆ? ಒಂದೇ ಕಿವಿ ಚುಚ್ಚುವನೊ?"

ಎಲ್ಲರೂ ನಕ್ಕರು.

"ನಮ್ಮ ಬಳಿಲಿ ಅಂಥ ಕಾಯಿಲೆ ಇಲ್ಲೆ. ಆಚಾರಿ, ನೀ ಚುಚ್ಚು."

ನಾನು ಅಕ್ಕನ ಮಡಿಲಿನಿಂದ ಮಗುವನ್ನು ಎಳೆದುಕೊಂಡು ಉದ್ದನೆಯ ಅಂಗಿಯನ್ನು ಎತ್ತಿದೆ. ಎರಡು ಮೊಣಕಾಲೂ ನೀಲಿಗಟ್ಟಿದ್ದವು. ಅಂಗೈಯ ಬುಡವೂ ನೀಲಿ.

"ಇದು ಯಾವಾಗಿಂದ, ಅಕ್ಕ?"

"ಅಂಬೆಗಾಲು ಹಾಕಿಕೆ ಸುರು ಮಾಡ್ದ ಮೇಲೆ." ಅವಳು ತಲೆಯೆತ್ತಲಿಲ್ಲ. "ನಾನೇ ಹೊಡ್ದದ್ ಹೇಳಿ ಅತ್ತೆ ಬಯ್ದವೆ. ಅದ್ಕೆ ಉದ್ದ ಅಂಗಿ ಹಾಕ್ದೆ."

"ನೆಲ ತಾಗಿದಲ್ಲೆಲ್ಲ ಒಳಗೇ ರಕ್ತ ಒಸರಿದೆ. ಇನ್ನು ಅರ್ಧದ ಮಾತಿಲ್ಲ" ಎಂದೆ.

ಆಚಾರಿ ಸೂಜಿಯನ್ನು ಒರೆಸಿ ಪೆಟ್ಟಿಗೆಗೆ ಹಾಕಿಕೊಂಡ. ಯಾರೂ ಅವನನ್ನು ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಬಾವ ದೇರಪ್ಪನೇ ಅಕ್ಕನ ಪೆಟ್ಟಿಗೆ ಹೊತ್ತು ಊರ ಗಡಿಯವರೆಗೆ ಬಂದ. ಮಗುವಿನ ಕೆನ್ನೆ ಮುಟ್ಟಿದ. "ಅಪ್ಪ ಹೇಳ್ದವೆ. ನಿಮ್ಮ ಮನೆದ್ ನಿಮ್ಮಲ್ಲೇ ಇರ್ಲಿ ಹೇಳಿ" ಎಂದವನು ಹಿಂದಿರುಗಿ ನೋಡದೆ ನಡೆದ. ದಾರಿಯುದ್ದಕ್ಕೂ ಅಕ್ಕ ಮಗುವನ್ನೆತ್ತಿಕೊಂಡು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಮನೆಯಲ್ಲಿ ಅವ್ವ ಮಗುವಿನ ಕಾಲು ನೋಡಿದಳು.

"ಬಳಿ ಬದಲಾತಲ್ಲ ಮಗ. ಮತ್ತೆ ಇದ್ ಯಾರಿಂದ ಬಂತ್?"

ಕರಿಕೆಯಲ್ಲಿ ಅಷ್ಟು ಜನರ ಮುಂದೆ ಗಟ್ಟಿಯಾಗಿ ಹೇಳಿದ್ದ ಮಾತು ನನ್ನ ಬಾಯಿಗೆ ಬರಲಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲೆ, ಅವ್ವ."

ಅವ್ವ ಅಟ್ಟ ಹತ್ತಿ ಹಳೆಯ ಕಂಬಳಿಗಳನ್ನು ಇಳಿಸಿದಳು. ತಮ್ಮಂದಿರು ಅಂಬೆಗಾಲಿಡುವಾಗ ಹಾಸುತ್ತಿದ್ದ ಕಂಬಳಿಗಳು. ಜಗಲಿಯ ಮೂಲೆಯಿಂದ ಮೂಲೆಗೆ, ಎಲ್ಲಿಯೂ ನೆಲ ಕಾಣದಂತೆ, ಒಂದೊಂದಾಗಿ ಹಾಸಿದಳು.